ಬೆಂಕಿ ಪರಿಹಾರದ ಹಣವೂ ಆದಾಯ ತೆರಿಗೆಯೂ

ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳಲ್ಲಿ ಸುಗ್ಗಿಯಿಂದ ಬೇಸಗೆಯ ಕೊನೆಯವರೆಗೆ ಬೆಂಕಿಯ ಭಯವು ತಪ್ಪಿದ್ದಲ್ಲ. ಕೂಳೆಗೆ ಹಚ್ಚಿದ ಕಿಡಿಯು ಗಾಳಿಗೆ ಹಾರಿ ನಿಂತ ಬೆಳೆಯನ್ನೂ ಮೇವಿನ ಬಣವೆಯನ್ನೂ ಎತ್ತಿನ ಕೊಟ್ಟಿಗೆಯನ್ನೂ ಸುಡುವುದುಂಟು. ಆಗ ಸರ್ಕಾರದಿಂದ ಪರಿಹಾರವನ್ನು ಪಡೆದರೆ ಅದರ ಮೇಲೆ ತೆರಿಗೆ ಬಿದ್ದೀತೆಂದು ಅಂಜುವವರಿದ್ದರೆ, ಊರಿನ ಹಿರಿಯರು ಅವರಿಗೆ ಕೆಳಗಿನ ಸಂಗತಿಗಳನ್ನು ತಿಳಿಸಬೇಕು.

ಬೇಸಾಯದ ಹುಟ್ಟುವಳಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಸುಟ್ಟ ಮನೆಗೂ ಸತ್ತ ಎತ್ತಿಗೂ ಬರುವ ಹಣವು ಬೆಳೆಯ ಹುಟ್ಟುವಳಿಯಲ್ಲ. ಅದಕ್ಕೆ ಬೇರೆ ಆಧಾರವುಂಟು. ವಿಪತ್ತಿನ ನಿಮಿತ್ತ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯು ವ್ಯಕ್ತಿಗೆ ಇಲ್ಲವೆ ಅವನ ವಾರಸುದಾರನಿಗೆ ಕೊಟ್ಟ ಪರಿಹಾರವನ್ನು 1961ರ ಆದಾಯ ತೆರಿಗೆ ಕಾಯಿದೆಯ 10(10ಬಿಸಿ) ಕಲಮಿನಲ್ಲಿ ತೆರಿಗೆಯಿಂದ ಬಿಡಲಾಗಿತ್ತು. 2025ರ ಹೊಸ ಕಾಯಿದೆಯಲ್ಲಿಯೂ ಈ ವಿನಾಯಿತಿ ಉಳಿದಿದೆ. ಅಮೇರಿಕಾ ದೇಶದವರೂ ಕಾಡುಕಿಚ್ಚಿನ ಪರಿಹಾರಕ್ಕೆ ಇಂಥ ವಿನಾಯಿತಿಯನ್ನು 2024ರ ಡಿಸೆಂಬರಿನಲ್ಲಿ ಕೊಟ್ಟರು.

ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬರಗಾಲ, ನೆರೆಗಳ ಜೊತೆಗೆ ಬೆಂಕಿಯೂ ಸೇರಿದೆ. 2022–26ರ ಮಾನದಂಡದಂತೆ 33 ಶೇಕಡಾ ಅಥವಾ ಹೆಚ್ಚು ಬೆಳೆ ಹಾಳಾದರೆ ಹೆಕ್ಟೇರಿಗೆ ಒಣ ಬೇಸಾಯಕ್ಕೆ 8,500, ನೀರಾವರಿಗೆ 17,000 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ. ಸತ್ತ ಎತ್ತಿಗೆ 32,000 ರೂಪಾಯಿ ಗೊತ್ತಾಗಿತ್ತು.

ಇದರಲ್ಲಿ ನೆನಪಿಡತಕ್ಕ ಮಿತಿಗಳು:

1. ವಿನಾಯಿತಿಯು ಸರ್ಕಾರದ ಹಾಗೂ ಸ್ಥಳೀಯ ಸಂಸ್ಥೆಯ ಹಣಕ್ಕೆ ಮಾತ್ರ. ವಿಮೆಯ ಹಣವೂ ಖಾಸಗಿ ಕಂಪೆನಿಯ ಪರಿಹಾರವೂ ಬೇರೆ ಲೆಕ್ಕದವು.

2. ಅಂಗಡಿ ಅಥವಾ ಗಿರಣಿಯುಳ್ಳವರು ಆ ನಷ್ಟವನ್ನು ತಮ್ಮ ಆದಾಯದಲ್ಲಿ ಮೊದಲೇ ಕಳೆದುಕೊಂಡಿದ್ದರೆ, ಅಷ್ಟರ ಮಟ್ಟಿಗೆ ವಿನಾಯಿತಿ ಇಲ್ಲ.

3. ಪರಿಹಾರವನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟರೆ, ಬರುವ ಬಡ್ಡಿಯು ಆದಾಯವೆನಿಸುತ್ತದೆ.

ಆದಕಾರಣ ಬೆಂಕಿ ಬಿದ್ದ ಕೂಡಲೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸತಕ್ಕದ್ದು. ಪಂಚನಾಮೆಯ ನಕಲು, ಛಾಯಾಚಿತ್ರ, ಮಂಜೂರಾತಿ ಆದೇಶಗಳನ್ನು ಜೋಪಾನವಾಗಿಡಬೇಕು. ಹಣವು ವಿಪತ್ತಿನ ಪರಿಹಾರವೆಂದು ಸಾಧಿಸುವುದಕ್ಕೆ ಇವೇ ಆಧಾರ. ತೀರಿಹೋದವರ ಹೆಸರಿನಲ್ಲಿ ಇನ್ನೂ ಉಳಿದಿರುವ ಪಹಣಿಯನ್ನು ವಾರಸುದಾರರು ಬೇಗನೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಒಳ್ಳೆಯದು. ತೆರಿಗೆಯ ಹೆಸರಿನಲ್ಲಿ ಪರಿಹಾರದ ಪಾಲನ್ನು ಕೇಳುವ ಮಧ್ಯಸ್ಥರಿಗೆ ಒಂದು ಕಾಸನ್ನೂ ಕೊಡಬಾರದು.