ಹಳೆ ಗಾಡಿ ಕೊಳ್ಳುವ ಮುನ್ನ

ಡೇರಿಗೆ ಹಾಲು ಹಾಕಬೇಕು. ತೋಟಕ್ಕೆ ಔಷಧಿ ತರಬೇಕು. ಕ್ಯಾಸಂಬಳ್ಳಿಯಿಂದ ಕೆಜಿಎಫ್‌ಗೆ ಹೋಗಬೇಕು. ಬಂಗಾರಪೇಟೆಗೆ ಹೋಗಿ ರೈಲು ಹಿಡಿಯಬೇಕು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಆಮೇಲೆ ನಮ್ಮ ಕಡೆಯ ಎಷ್ಟೋ ಜನ ಕೂಲಿಗಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಬೆಳಗಿನ ರೈಲಿಗೆ ಬಸ್ಸು ಕಾಯುತ್ತಾ ಕೂತರೆ ಆಗುತ್ತದೆಯೇ? ಅದಕ್ಕೇ ಮನೆಗೊಂದು ಗಾಡಿ ಬೇಕು ಎನಿಸುತ್ತದೆ.

ಹೊಸ ಗಾಡಿಗೆ ಹೆಚ್ಚು ದುಡ್ಡು ಬೇಕು. ಹಳೆ ಗಾಡಿ ಕಡಿಮೆಗೆ ಸಿಗುತ್ತದೆ. ಹಳೆ ಗಾಡಿ ಕೊಳ್ಳುವುದು ತಪ್ಪಲ್ಲ. ನೋಡದೆ, ಓದದೆ ಕೊಳ್ಳುವುದು ತಪ್ಪು.

ಈ ಮಾತುಕತೆ ಓದಿ.

ಗಂಡ: ಗಾಡಿ ಚೆನ್ನಾಗೈತೆ. ಪೈಂಟು ಹೊಳೀತೈತೆ. ಅಡ್ವಾನ್ಸ್ ಕೊಟ್ಟುಬಿಡೋಣ.

ಹೆಂಡತಿ: ತಡೀರಿ. ಆರ್‌ಸಿ ಬುಕ್ಕು ಎಲ್ಲೈತೆ ಅಣ್ಣಾ?

ಮಾರುವವನು: ಬುಕ್ಕು ಆಮೇಲೆ ಕೊಡ್ತೀನಮ್ಮ. ಈಗ ಬಾಂಡ್ ಪೇಪರಲ್ಲಿ ಬರ್ಕೊಡ್ತೀನಿ. ಊರಲ್ಲಿ ಎಲ್ಲಾ ಹಂಗೇ ತಗೊಳ್ಳೋದು.

ಹೆಂಡತಿ: ಹಸು ಕೊಳ್ಳೋವಾಗ ಹಲ್ಲು ನೋಡ್ತೀವಿ, ಕೆಚ್ಚಲು ನೋಡ್ತೀವಿ. ಗಾಡಿಗೆ ಬುಕ್ಕು ನೋಡ್ಬೇಡ್ವಾ? ಬುಕ್ಕು ತನ್ನಿ. ದುಡ್ಡಿನ ಮಾತು ಆಮೇಲೆ.

ಆ ತಾಯಿ ಕೇಳಿದ್ದು ಸರಿ. ಏಕೆ ಸರಿ? ಮುಂದೆ ಓದಿ.

1. ಕಾಗದ ನೋಡಿ

ಆರ್‌ಸಿಯಲ್ಲಿ ಮಾಲೀಕರ ಹೆಸರು ಇರುತ್ತದೆ. ಗಾಡಿ ಮಾರುವವರು ಅವರೇನಾ? ಕೇಳಿ ತಿಳಿಯಿರಿ. ಆರ್‌ಸಿಯಲ್ಲಿ ಇಂಜಿನ್ ನಂಬರು, ಚಾಸಿಸ್ ನಂಬರು ಇರುತ್ತವೆ. ಅದೇ ನಂಬರುಗಳು ಗಾಡಿಯ ಮೈಮೇಲೂ ಇರುತ್ತವೆ. ಚಾಸಿಸ್ ನಂಬರು ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಕೊರೆದಿರುತ್ತದೆ. ಬಟ್ಟೆಯಿಂದ ಒರೆಸಿ. ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ತಾಳೆ ನೋಡಿ. ಇಂಗ್ಲಿಷ್ ಬರಬೇಕಾಗಿಲ್ಲ. ಎರಡೂ ಕಡೆ ಒಂದೇ ಆಕಾರ ಇದ್ದರೆ ಸಾಕು. ನಂಬರು ಉಜ್ಜಿದಂತಿದ್ದರೆ, ಬೇರೆ ಇದ್ದರೆ, ಆ ಗಾಡಿ ಬೇಡ. ಕದ್ದ ಗಾಡಿಯಾದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಗಾಡಿಯೂ ಹೋಯಿತು, ದುಡ್ಡೂ ಹೋಯಿತು.

ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಇದೆಯೇ? ಇದ್ದರೆ ಗಾಡಿಯ ಮೇಲೆ ಸಾಲ ಇದೆ ಎಂದು ಅರ್ಥ. ಸಾಲ ತೀರಿದ ಪತ್ರ ಕೇಳಿ. ಸಾಲ ಕೊಟ್ಟವರು ಸಹಿ ಮಾಡಿದ 35ನೇ ನಮೂನೆಯೂ ಬೇಕು. ಹೊಸ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಗಾಡಿಯ ವಯಸ್ಸು ಎಷ್ಟು ಎಂದು ಲೆಕ್ಕ ಹಾಕಿ. ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆಯ ಚೀಟಿಯ ತಾರೀಕು ನೋಡಿ.

ನಂಬರ್ ಪ್ಲೇಟ್ ಓದಿ. ಕೆಎ 08 ಎಂದರೆ ಕೆಜಿಎಫ್ ಸಾರಿಗೆ ಕಚೇರಿಯ ಗಾಡಿ. ಕೆಎ 07 ಎಂದರೆ ಕೋಲಾರದ್ದು. ನಮ್ಮ ಹೋಬಳಿ ಆಂಧ್ರದ ಗಡಿಗೆ ಹತ್ತಿರ. ಎಪಿ ನಂಬರಿನ ಗಾಡಿ ಅಗ್ಗಕ್ಕೆ ಸಿಗಬಹುದು. ಆದರೆ ಅದಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದರೆ ಅಗ್ಗವೋ ದುಬಾರಿಯೋ, ನೀವೇ ಲೆಕ್ಕ ಮಾಡಿ.

2. ಹೆಸರು ಬದಲಿಸಿ

ಬಾಂಡ್ ಪೇಪರ್ ಬರೆದರೆ ಸಾಲದು. ಅದರಿಂದ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. 29 ಮತ್ತು 30ನೇ ನಮೂನೆಗಳನ್ನು ತುಂಬಬೇಕು. ಮಾರಿದವರೂ ಕೊಂಡವರೂ ಸಹಿ ಮಾಡಬೇಕು. ಮಾರಿದವರು 14 ದಿನದ ಒಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನದ ಒಳಗೆ ಅರ್ಜಿ ಕೊಡಬೇಕು. ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ. ಹೆಬ್ಬೆಟ್ಟೂ ಒತ್ತಬೇಡಿ. ಈಗ ನಿಮಗೆ ಓದಲು ಬರುತ್ತದೆ. ಓದಿ, ಆಮೇಲೆ ಸಹಿ ಮಾಡಿ.

ಹೆಸರು ಬದಲಾಗದಿದ್ದರೆ ಮಾರಿದವರಿಗೂ ಕಷ್ಟ. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದು ಕಾರು ಹಲವರ ಕೈ ದಾಟಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಆ ಕಾರಿನಿಂದ ಅಪಘಾತವಾಗಿ ಜೀವ ಹೋಯಿತು. ಆರ್‌ಸಿಯಲ್ಲಿ ಹೆಸರು ಇರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಕೋರ್ಟ್ ಹೇಳಿತು. ಹಾಗಾಗಿ ನೀವು ಗಾಡಿ ಮಾರುವಾಗಲೂ ಹೆಸರು ಬದಲಾಗಿದೆಯೇ ಎಂದು ನೋಡಿ.

3. ಗಾಡಿ ನೋಡಿ

ಹಗಲಿನಲ್ಲೇ ನೋಡಿ. ಗೊತ್ತಿರುವ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ.

ಮೊದಲು ಇಂಜಿನ್ ಹತ್ತಿರ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಾಗಲಿ, ಕಾಯಿರಿ. ತಣ್ಣಗಿರುವಾಗ ಸ್ಟಾರ್ಟ್ ಆದರೆ ಒಳ್ಳೆಯದು. ಸೈಲೆನ್ಸರ್ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಕೆಲಸಕ್ಕೆ ದೊಡ್ಡ ಖರ್ಚು ಬರಬಹುದು. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಮುಂದಿನ ಫೋರ್ಕಿನಲ್ಲಿ ಆಯಿಲ್ ಸೋರುತ್ತಿದೆಯೇ? ಟೈರ್ ಸವೆದು ನುಣ್ಣಗಾಗಿದೆಯೇ? ಗಾಡಿ ಓಡಿಸುವಾಗ ಒಂದೇ ಕಡೆ ಎಳೆಯುತ್ತದೆಯೇ? ಎಳೆದರೆ ಬಿದ್ದ ಗಾಡಿ ಇರಬಹುದು. ಹೊಸ ಪೈಂಟಿಗೆ ಮರುಳಾಗಬೇಡಿ.

4. ಕೊಂಡ ಮೇಲೆ ನೋಡಿಕೊಳ್ಳಿ

ಹಸುವಿಗೆ ಮೇವು ಹೇಗೋ, ಗಾಡಿಗೆ ಆಯಿಲ್ ಹಾಗೆ. ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿ. ಹೇಳಿದಷ್ಟು ಕಿಲೋಮೀಟರ್ ಆದಾಗ ಬದಲಿಸಿ. ಚೈನು ಒರೆಸಿ ಆಯಿಲ್ ಹಾಕಿ. ಚೈನು ತೀರಾ ಬಿಗಿ ಇರಬಾರದು, ತೀರಾ ಸಡಿಲವೂ ಇರಬಾರದು. ನಮ್ಮ ಮಣ್ಣು ರಸ್ತೆಯಲ್ಲಿ ಧೂಳು ಹೆಚ್ಚು. ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಆಗಾಗ ತೋರಿಸಿ. ಟೈರಿನ ಗಾಳಿ, ಬ್ರೇಕು, ಲೈಟು, ಹಾರನ್ ನೋಡಿಯೇ ಮನೆ ಬಿಡಿ.

5. ಹುಷಾರಾಗಿ ಓಡಿಸಿ

ಲೈಸೆನ್ಸ್ ಇಲ್ಲದೆ ಓಡಿಸಬೇಡಿ. 18 ತುಂಬದ ಮಕ್ಕಳಿಗೆ ಗಾಡಿ ಕೊಡಬೇಡಿ. ಕೊಟ್ಟರೆ ಹೆತ್ತವರಿಗೂ ಗಾಡಿ ಮಾಲೀಕರಿಗೂ ಶಿಕ್ಷೆ ಆಗಬಹುದು. 2019ರಲ್ಲಿ ಕಾನೂನು ಬಿಗಿಯಾಗಿದೆ. 25,000 ರೂಪಾಯಿ ದಂಡ ಇದೆ, ಮೂರು ವರ್ಷದವರೆಗೆ ಜೈಲೂ ಇದೆ.

ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ. ಪಟ್ಟಿ ಬಿಗಿಯಿರಿ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರೂ ಹೆಲ್ಮೆಟ್ ಹಾಕಲೇಬೇಕು. ಟ್ಯಾಂಕಿನ ಮೇಲೆ ನೇತು ಹಾಕಿದ ಹೆಲ್ಮೆಟ್ ಟ್ಯಾಂಕನ್ನು ಕಾಪಾಡೀತು, ತಲೆಯನ್ನಲ್ಲ.

ಹಾಲಿನ ಕ್ಯಾನು, ಹುಲ್ಲಿನ ಹೊರೆ ಒಂದೇ ಕಡೆ ಕಟ್ಟಬೇಡಿ. ಹಿಂದೆ ಕೂತವರ ಸೆರಗು ಚಕ್ರಕ್ಕೆ ಸಿಕ್ಕದಂತೆ ಸುತ್ತಿಕೊಳ್ಳಲಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿರುತ್ತಾರೆ. ಅದರ ಮೇಲೆ ಗಾಡಿ ಜಾರುತ್ತದೆ. ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಮೊದಲೇ ನಿಧಾನ ಮಾಡಿ, ಅದರ ಮೇಲೆ ಗಟ್ಟಿಯಾಗಿ ಬ್ರೇಕು ಹಿಡಿಯಬೇಡಿ. ರಸ್ತೆಯಲ್ಲಿ ಒಕ್ಕಣೆ ಮಾಡದೆ ಕಣದಲ್ಲೇ ಮಾಡಿದರೆ ಎಲ್ಲರಿಗೂ ಒಳ್ಳೆಯದು. ರಾತ್ರಿ ಟ್ರಾಕ್ಟರ್ ಟ್ರೈಲರಿಗೆ ಹಿಂದೆ ಲೈಟು ಇಲ್ಲದಿರಬಹುದು. ಕುಡಿದು ಗಾಡಿ ಮುಟ್ಟಬೇಡಿ.

ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ. ಹೆದರಬೇಡಿ.

ಓದಿ, ಉತ್ತರ ಬರೆಯಿರಿ

1. ಬಾಂಡ್ ಪೇಪರ್ ಏಕೆ ಸಾಲದು?
2. ಮಾರಿದವರು ಎಷ್ಟು ದಿನದ ಒಳಗೆ ಕಚೇರಿಗೆ ತಿಳಿಸಬೇಕು? ಕೊಂಡವರು ಎಷ್ಟು ದಿನದ ಒಳಗೆ ಅರ್ಜಿ ಕೊಡಬೇಕು?
3. ನೀಲಿ ಹೊಗೆ ಏನು ಹೇಳುತ್ತದೆ?

ಮಾಡಿ ನೋಡಿ

ನಿಮ್ಮ ಬೀದಿಯಲ್ಲಿರುವ ಒಂದು ಗಾಡಿಯ ಆರ್‌ಸಿ ಕೇಳಿ ಪಡೆಯಿರಿ. ಅದರ ಚಾಸಿಸ್ ನಂಬರನ್ನು ಗಾಡಿಯ ಮೈಮೇಲಿನ ನಂಬರಿನೊಂದಿಗೆ ತಾಳೆ ನೋಡಿ. ಆರ್‌ಸಿಯಲ್ಲಿ ಯಾರ ಹೆಸರು ಇದೆ? ಈಗ ಗಾಡಿ ಓಡಿಸುತ್ತಿರುವವರು ಯಾರು? ಕೇಂದ್ರದಲ್ಲಿ ಎಲ್ಲರೂ ಕೂತು ಚರ್ಚಿಸಿ.