ಮತ್ತೆ ಮತ್ತೆ ಬರುವ ಜ್ವರ



ಬೆಳುಗುಪ್ಪದ ಕಡೆ ಇಂಥ ಮಾತು ನೀವು ಕೇಳಿರುತ್ತೀರಿ: "ನಮ್ ಕೂಸಿಗೆ ತಿಂಗಳಿಗೊಂದು ಸಲ ಮೈ ಸುಡ್ತದೆ. ನಾಕು ದಿನ ಇರ್ತದೆ, ಹೋಗ್ತದೆ."

ಯಾವ ದಿನ ಬಂತು? ಯಾವ ದಿನ ಬಿಟ್ಟಿತು? ಡಾಕ್ಟರು ಕೇಳಿದರೆ ನೆನಪಿರುವುದಿಲ್ಲ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಮನೆಯಲ್ಲಿ ಹೀಗೆ ಬರೆದಿದ್ದಾರೆ ಎನ್ನಿ:

ಜೂನ್ 3ರಿಂದ 7
ಜುಲೈ 1ರಿಂದ 5
ಜುಲೈ 29ರಿಂದ ಆಗಸ್ಟ್ 2

ಜೂನ್ 3ರಿಂದ ಜುಲೈ 1ಕ್ಕೆ ಎಣಿಸಿ. 28 ದಿನ. ಮುಂದಿನದನ್ನೂ ಎಣಿಸಿ. ಅದೂ 28 ದಿನ.

ಇಂಥ ಲೆಕ್ಕದ ಜ್ವರ ಒಂದಿದೆ. 1987ರಲ್ಲಿ ಅಮೆರಿಕದ ವೈದ್ಯರು ಇದನ್ನು ಗುರುತಿಸಿ ಬರೆದರು. ಹೆಸರು ಪಿ.ಎಫ್.ಎ.ಪಿ.ಎ. ಸಾಮಾನ್ಯವಾಗಿ ಐದು ವರ್ಷದೊಳಗೆ ಶುರುವಾಗುತ್ತದೆ. ಜ್ವರದ ಜೊತೆ ಬಾಯಿಹುಣ್ಣು, ಗಂಟಲು ನೋವು, ಕತ್ತಿನಲ್ಲಿ ಗಂಟು ಕಾಣಬಹುದು. ನಡುವಿನ ದಿನಗಳಲ್ಲಿ ಕೂಸು ಗೆಲುವಾಗಿರುತ್ತದೆ, ಚೆನ್ನಾಗಿ ಬೆಳೆಯುತ್ತದೆ. ಇದು ಅಂಟುರೋಗವಲ್ಲ. ಆಂಟಿಬಯಾಟಿಕ್ ಔಷಧಿಗೆ ಬಗ್ಗುವುದಿಲ್ಲ. ಜ್ವರ ಶುರುವಾದಾಗ ಸ್ಟೀರಾಯ್ಡ್ ಔಷಧಿ ಒಂದು ಸಲ ಕೊಟ್ಟರೆ ಹೆಚ್ಚಾಗಿ ಕೆಲವು ಗಂಟೆಗಳಲ್ಲೇ ಇಳಿಯುತ್ತದೆ. ಆದರೆ ಮುಂದಿನ ಜ್ವರ ಬೇಗ ಬರಲೂಬಹುದು. ಆದ್ದರಿಂದ ಡಾಕ್ಟರು ಹೇಳಿದರೆ ಮಾತ್ರ ಕೊಡಬೇಕು. ಅಂಗಡಿಯಲ್ಲಿ ಕೇಳಿ ತರಬೇಡಿ. ಬಹಳ ಮಕ್ಕಳಿಗೆ ದೊಡ್ಡವರಾಗುತ್ತಾ ತಾನೇ ಬಿಟ್ಟುಹೋಗುತ್ತದೆ.

ಹಾಗಂತ ಪ್ರತಿ ಜ್ವರವೂ ಇದೇ ಅಲ್ಲ. ನೆಗಡಿ ಕೆಮ್ಮಿನ ಜ್ವರವೇ ಹೆಚ್ಚು. ಮಲೇರಿಯಾ, ಟೈಫಾಯ್ಡ್, ಮೂತ್ರದ ಸೋಂಕು ಕೂಡ ಇರಬಹುದು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ ಮೇಲೇ ತಿಳಿಯುವುದು. ಲೆಕ್ಕ ಸಿಗಲಿ ಎಂದು ಮನೆಯಲ್ಲಿ ಕಾಯುತ್ತಾ ಕೂರಬೇಡಿ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ದೊಡ್ಡ ಮಗುವಾದರೂ ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ನೀರು ಕುಡಿಯದಿದ್ದರೆ, ಉಸಿರು ಜೋರಾದರೆ 108ಕ್ಕೆ ಫೋನ್ ಮಾಡಿ. ಬರೆ ಹಾಕಿಸಬೇಡಿ. ಸುಟ್ಟ ಗಾಯ ಒಂದು ಹೆಚ್ಚಾಗುತ್ತದೆ, ಅಷ್ಟೆ.

ಪ್ಯಾರಾಸಿಟಮಾಲ್ ಸಿರಪ್ ಬಾಟಲಿಯ ಮೇಲಿನ ಅಂಕಿ ಓದಿ. ಒಂದರ ಮೇಲೆ 125 ಇರುತ್ತದೆ, ಇನ್ನೊಂದರ ಮೇಲೆ 250. ಎರಡನೆಯದರಲ್ಲಿ ಔಷಧಿ ಎರಡು ಪಟ್ಟು. ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತದೆ. ಮಗುವಿನ ತೂಕ ಹೇಳಿ, ಎಷ್ಟು ಕೊಡಬೇಕೆಂದು ಕೇಳಿ ಬರೆದುಕೊಳ್ಳಿ.

ಆಸ್ಪತ್ರೆಗೆ ಹೋಗುವಾಗ ಕ್ಯಾಲೆಂಡರ್ ಹಾಳೆಯನ್ನೂ ಒಯ್ಯಿರಿ. ಕಲ್ಯಾಣದುರ್ಗದ ಡಾಕ್ಟರು ತೆಲುಗಿನವರಾದರೇನು? ಅಂಕಿ ಎಲ್ಲರಿಗೂ ಒಂದೇ.

ಬರೆಯಿರಿ:
ಜ್ವರ ಬಂದ ತಾರೀಕು ............
ಬಿಟ್ಟ ತಾರೀಕು ............
ಬಾಯಿಹುಣ್ಣು ಇತ್ತೇ? ............
ಕೊಟ್ಟ ಔಷಧಿ ............