ವೇತನ ಮತ್ತು ಉಳಿಕೆ

ದಾದಿಯ ಸೇವೆ ಪವಿತ್ರವಾದುದು. ಆದರೆ ಅವಳಿಗೂ ಸಂಸಾರದ ಹೊಣೆಯುಂಟು. ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳುಳ್ಳ ಖಾಸಗಿ ಆಸ್ಪತ್ರೆಗಳಲ್ಲಿಯೂ ದಾದಿಯರ ಮಾಸಿಕ ವೇತನ 20,000 ರೂಪಾಯಿಗಳಿಗೆ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು.

ತಮ್ಮನ ಓದಿಗೆ ನೆರವಾಗಬೇಕಾದ ಹಾಸನದ ತರುಣಿಯೊಬ್ಬಳಿಗೆ ಊರಿನಲ್ಲಿ ಅಷ್ಟೇ ವೇತನವೂ ಬೆಂಗಳೂರಿನಲ್ಲಿ 28,000 ರೂಪಾಯಿಗಳೂ ದೊರೆಯುವುವೆಂದು ಭಾವಿಸೋಣ. ತಂದೆತಾಯಿಯರೊಡನೆ ಊರಿನಲ್ಲಿದ್ದರೆ ಖರ್ಚು 8,000, ಉಳಿಕೆ 12,000. ನಗರದಲ್ಲಿ ಬಾಡಿಗೆ 9,000, ಊಟ 6,000, ಇತರ ವೆಚ್ಚ 3,000. ಉಳಿಕೆ 10,000 ಮಾತ್ರ.

ದೊಡ್ಡ ಆಸ್ಪತ್ರೆಯ ಅನುಭವಕ್ಕೂ ಬೆಲೆಯುಂಟು, ನಿಜ. ಆದರೆ ಆ ಬೆಲೆಯನ್ನು ತೆರುವ ಮುನ್ನ, ತಮ್ಮನ ಶುಲ್ಕಕ್ಕೆ ತಿಂಗಳ ಕೊನೆಯಲ್ಲಿ ಏನುಳಿಯುವುದೆಂದು ಅವಳು ಲೆಕ್ಕಹಾಕಬೇಕು. ಕೈಗೆ ಬಂದುದು ವೇತನ. ಕೈಯಲ್ಲಿ ಉಳಿದುದು ಸಂಪಾದನೆ.